ಓರಗಿತ್ತಿಯ ಕ್ರೀಮ್ ಚಿಕನ್

ಪುತ್ತೂರಿನ ನಮ್ಮ ಮನೆಯಲ್ಲಿ ಕ್ರೀಮ್ ಚಿಕನ್ ಮಾಡುತ್ತಿದ್ದವಳು ನಾನು, ಹೆಸರು ಬರುತ್ತಿದ್ದುದು ನನ್ನ ಓರಗಿತ್ತಿಗೆ. ನೆಂಟರು ಬಂದಾಗ ನಾನು ಗೇರುಬೀಜ ಅರೆದು ಬೆವರುತ್ತಿದ್ದರೆ, ಅವರು ಸೀರೆ ಬದಲಿಸಿ ಬಂದು ಪಾತ್ರೆ ಎತ್ತಿಕೊಂಡು ಹೋಗಿ ಬಡಿಸುತ್ತಿದ್ದರು. ಎಂಟು ವರ್ಷ ಸುಮ್ಮನಿದ್ದೆ.

ಕಳೆದ ವರ್ಷ ಸುಳ್ಯದಿಂದ ನನ್ನ ಅಮ್ಮ ಬಂದಿದ್ದರು. ಆ ಅಡುಗೆ ನನಗೆ ಕಲಿಸಿದ್ದೇ ಅಮ್ಮ. ಅವರ ತಟ್ಟೆಗೆ ಬಡಿಸುತ್ತಾ ಓರಗಿತ್ತಿ ಹೇಳಿದರು: "ನಿಮ್ಮ ಮಗಳಿಗೂ ಕಲಿಸ್ತಾ ಇದ್ದೇನೆ, ಅವಳ ಕೈಗೆ ಹತ್ತುದಿಲ್ಲ." ಅಮ್ಮ ತಲೆ ತಗ್ಗಿಸಿ ಉಂಡರು. ನನಗೆ ಅಂದು ಅನ್ನ ಇಳಿಯಲಿಲ್ಲ.

ಡಿಸೆಂಬರ್ ರಜೆಯಲ್ಲಿ ಮನೆಯವರೆಲ್ಲ ಗುಂಡ್ಯದ ಹತ್ತಿರ ಹೊಳೆ ಬದಿಯಲ್ಲಿ ಟೆಂಟ್ ಹಾಕಿದೆವು. ಕಲ್ಲು ಜೋಡಿಸಿ ಒಲೆ ಹೂಡಿದ ಭಾವ ಹೆಂಡತಿಗೆ ಹೇಳಿದರು, "ಇವತ್ತು ನಿನ್ನ ಕ್ರೀಮ್ ಚಿಕನ್ನೇ ಆಗ್ಲಿ."

ಓರಗಿತ್ತಿ ನನ್ನತ್ತ ನೋಡಿದರು.

"ನಂಗೆ ಸೊಂಟ ನೋವುಂಟು ಅಕ್ಕ, ನೀವೇ ಮಾಡಿ" ಎಂದು ನಾನು ಹೊಳೆಗೆ ಕಾಲು ಇಳಿಬಿಟ್ಟು ಕೂತೆ.

ಅವರು ನೀರುಳ್ಳಿ ಕರಟಿಸಿದರು. ಟೊಮೆಟೊ ಹಾಕಿದ್ದರೂ ಮೇಲಿಂದ ಲಿಂಬೆಹುಳಿ ಹಿಂಡಿದರು. ಕೊತಕೊತ ಕುದಿಯುವಾಗಲೇ ಒಂದು ಪ್ಯಾಕೆಟ್ ಕ್ರೀಮ್ ಒಮ್ಮೆಗೇ ಸುರಿದರು. ಬೆಂಕಿಯಿಂದ ಇಳಿಸಿ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ನೋಡುನೋಡುತ್ತಿದ್ದಂತೆ ಸಾರು ಒಡೆದು ಗಂಟು ಗಂಟಾಗಿ, ಮೇಲೆ ಎಣ್ಣೆ ತೇಲಿತು.

ಅವರು ನನ್ನ ಬಳಿ ಬಂದು ಬಗ್ಗಿದರು. "ಎಂತ ಮಾಡುದು ಈಗ? ಹೇಳು ಮಾರಾಯ್ತಿ."

ಎಲ್ಲರಿಗೂ ಕೇಳುವ ಹಾಗೆ ನಾನು ಹೇಳಿದೆ: "ನನ್ನ ಹತ್ರ ಎಂತ ಕೇಳುದು ಅಕ್ಕ? ಯಾವಾಗ್ಲೂ ಮಾಡುದು ನೀವಲ್ವಾ?"

ಮನೆಯಲ್ಲಿ ಅಡುಗೆಕೋಣೆಗೆ ಬಾರದ ಅತ್ತೆ ಸೌಟು ಅದ್ದಿ ರುಚಿ ನೋಡಿ ಮುಖ ಕಿವುಚಿದರು. "ಮನೆಯಲ್ಲಿ ಮಾಡ್ತಾ ಇದ್ದದ್ದು ಯಾರು ಹಾಗಾದ್ರೆ?"

ಓರಗಿತ್ತಿಯೇ ನನ್ನ ಕಡೆ ಕೈ ತೋರಿಸಿದರು. ಅವರ ಕಣ್ಣು ತುಂಬಿತ್ತು. ಹೊಗೆಯಿಂದಲ್ಲ ಎಂದು ನನಗೆ ಗೊತ್ತಿತ್ತು. ಎದೆಯೊಳಗೆ ತಣ್ಣಗಾಯಿತು.

ಆಮೇಲೆ ನಾನು ಎದ್ದೆ. ಸಂಜೆ ಕೆಂಡದಲ್ಲಿ ಸುಡಲೆಂದು ಎತ್ತಿಟ್ಟಿದ್ದ ಇನ್ನೊಂದು ಕೋಳಿಯನ್ನೂ ಉಳಿದಿದ್ದ ಕ್ರೀಮ್ ಪ್ಯಾಕೆಟನ್ನೂ ತೆಗೆದು, ನಿಧಾನವಾಗಿ, ಒಂದೂ ತಪ್ಪದೆ ಮಾಡಿದೆ. ಸಾರು ಬೆಣ್ಣೆಯಂತೆ ಬಂತು. ಭಾವ ಮೂರು ಸಲ ಹಾಕಿಸಿಕೊಂಡರು.

ಓರಗಿತ್ತಿ ಮಾತ್ರ ನಾವು ಬಂದಿದ್ದ ವ್ಯಾನಿನಲ್ಲಿ ಹೋಗಿ ಕೂತಿದ್ದರು. "ಒಂದು ತಟ್ಟೆ ಕೊಟ್ಟು ಬಾ" ಎಂದು ನನ್ನ ಗಂಡ ಮೆಲ್ಲಗೆ ಹೇಳಿದರು. ಕೇಳಿಸದವಳಂತೆ ನಾನು ಇನ್ನಷ್ಟು ಅನ್ನ ಬಡಿಸಿಕೊಂಡೆ.