ಹದಿನೆಂಟನೆಯ ದಿನದ ಬೆಸುಗೆ

ಸರ್ವಮಂಗಳ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಒದ್ದೆ ಬಟ್ಟೆಗೆ ಒರೆಸುತ್ತಾರೆ. ಚುಸ್ ಎಂದು ಹಬೆ ಏಳುತ್ತದೆ. ತಿರುಗಿಸಿ ಇನ್ನೊಂದು ಮಗ್ಗುಲನ್ನು ಒರೆಸುತ್ತಾರೆ. ತುದಿ ಬೆಳ್ಳಗೆ ಹೊಳೆಯುವವರೆಗೆ ಬಿಡುವುದಿಲ್ಲ. ಎದುರಿಗೆ ಓಬಕ್ಕ ಮಣೆ ಹಾಕಿಕೊಂಡು ಕೂತಿದ್ದಾರೆ. ಅವರ ಒಂದು ಕೈ ಗೋಡೆಯ ಸ್ವಿಚ್ಚಿನ ಮೇಲಿದೆ, ಕಣ್ಣು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಗಾಜಿನಾಚೆಯ ಥರ್ಮಾಮೀಟರಿನ ಮೇಲಿದೆ. ಪಾದರಸ ಮೂವತ್ತೇಳೂವರೆ ದಾಟಿದರೆ ಸ್ವಿಚ್ಚು ಆರಿಸುತ್ತಾರೆ, ಮೂವತ್ತೇಳಕ್ಕೆ ಇಳಿದರೆ ಹಾಕುತ್ತಾರೆ. ಬೆಳಗಿನ ನಾಲ್ಕಕ್ಕೆ ಶುರುವಾದ ಕೆಲಸ ಆರೂಕಾಲಾದರೂ ನಿಂತಿಲ್ಲ.

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ, ಸಿಮೆಂಟ್ ಶೀಟು ಹೊದಿಸಿದ ಈ ಕೋಣೆಯ ಪೆಟ್ಟಿಗೆಯೊಳಗೆ ಮುನ್ನೂರ ಹನ್ನೆರಡು ನಾಟಿಕೋಳಿ ಮೊಟ್ಟೆಗಳಿವೆ. ಕಾವಿಗಿಟ್ಟು ಇವತ್ತಿಗೆ ಹದಿನೆಂಟು ದಿನ. ಇನ್ನು ಮೂರು ದಿನಕ್ಕೆ ಮರಿ ಒಡೆಯಬೇಕು. ಮೊಟ್ಟೆಗಳೆಲ್ಲ ಓಬಕ್ಕನವಲ್ಲ. ಹನ್ನೊಂದು ಮನೆಯವರು ತಂದುಕೊಟ್ಟಿದ್ದಾರೆ. ಒಂದೊಂದು ಮನೆಗೂ ಒಂದೊಂದು ಮಸಿ ಗುರುತು: ಒಬ್ಬರದು ಅಡ್ಡಗೆರೆ, ಒಬ್ಬರದು ಮೂರು ಚುಕ್ಕೆ. ಹುಟ್ಟಿದ ಮರಿಗಳಲ್ಲಿ ಅರ್ಧ ಮೊಟ್ಟೆ ಕೊಟ್ಟವರಿಗೆ, ಅರ್ಧ ಕಾವು ಕೊಟ್ಟ ಓಬಕ್ಕನಿಗೆ. ಮರಿ ಹುಟ್ಟದಿದ್ದರೆ ಹನ್ನೊಂದು ಬಾಗಿಲಿಗೂ ಅವರೇ ಹೋಗಿ ಹೇಳಬೇಕು.

ನಾಲ್ಕಕ್ಕೆ ಎದ್ದು ನೋಡಿದಾಗ ಪಾದರಸ ನಲವತ್ತರ ಮೇಲಿತ್ತು. ಬಿಸಿ ಸಾಕಾದಾಗ ತಾನಾಗಿ ಆರಬೇಕಾದ ಹೀಟರು ಆರಿರಲಿಲ್ಲ. ಓಬಕ್ಕ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಬಾಗಿಲು ತೆರೆದು, ಸೆರಗಿನಿಂದ ಗಾಳಿ ಹಾಕಿ, ಸರ್ವಮಂಗಳ ಅವರಿಗೆ ಫೋನ್ ಮಾಡಿದ್ದರು. ಹೊಸದುರ್ಗದಿಂದ ಸ್ಕೂಟಿಯಲ್ಲಿ ಅವರು ಬರುವಷ್ಟರಲ್ಲಿ ಪೂರ್ವ ಕೆಂಪಾಗಿತ್ತು.

ನಲವತ್ತನಾಲ್ಕು ವರ್ಷದ ಸರ್ವಮಂಗಳ ಇಪ್ಪತ್ತಾರು ವರ್ಷದಿಂದ ಸರ್ಕ್ಯೂಟ್ ಬೋರ್ಡು ರಿಪೇರಿ ಮಾಡುತ್ತಿದ್ದಾರೆ. ಬೋರ್‌ವೆಲ್ ಸ್ಟಾರ್ಟರ್, ಭಜನಾ ಮಂಡಳಿಯ ಆಂಪ್ಲಿಫೈಯರ್, ಸ್ಟೆಬಿಲೈಜರ್, ಹೀಗೆ ದಿನಕ್ಕೆ ಎಂಟರಿಂದ ಹತ್ತು. ಅಂಗಡಿಗೆ ಹೆಸರಿನ ಬೋರ್ಡಿಲ್ಲ, ಹಿಟ್ಟಿನ ಗಿರಣಿಯ ಹಿಂದಿನ ಬಾಗಿಲು ಎಂದರೆ ಎಲ್ಲರಿಗೂ ಗೊತ್ತು. ತಂದೆ ಪರಮೇಶ್ವರಪ್ಪ ಹೊಳಲ್ಕೆರೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಕಣ್ಣು ಮಂಜಾದಾಗ ರೆಸಿಸ್ಟರಿನ ಅಳತೆ ಸೂಚಿಸುವ ಬಣ್ಣದ ಪಟ್ಟಿಗಳನ್ನು ಓದಿ ಹೇಳಲು ಒಬ್ಬರು ಬೇಕಾಯಿತು. ಒಂಬತ್ತನೆಯ ತರಗತಿಗೆ ಮಗಳ ಶಾಲೆ ನಿಂತಿತು.

"ಕಂದು, ಕಪ್ಪು, ಕೆಂಪು ಅಂತ ಹೇಳ್ತಿದ್ದೆ. ಸಾವಿರ ಅಂತಿದ್ರು ಅಪ್ಪ. ಯಾಕೆ ಸಾವಿರ ಅಂತ ಕೇಳಿದ್ದಕ್ಕೆ ಕಲಿಸಿದ್ರು" ಎನ್ನುತ್ತಾರೆ. ಗಿರಾಕಿಗಳು ಇವತ್ತಿಗೂ ಬಾಗಿಲಲ್ಲಿ ನಿಂತು, "ರಿಪೇರಿಯವರು ಇಲ್ವೇನಮ್ಮ?" ಎಂದು ಇವರನ್ನೇ ಕೇಳುತ್ತಾರೆ. "ಇದ್ದಾರೆ, ಕೊಟ್ಟೋಗ್ರಿ" ಎಂದು ಇವರು ಇಸಿದುಕೊಳ್ಳುತ್ತಾರೆ.

ಓಬಕ್ಕನ ಪೆಟ್ಟಿಗೆಯ ಬೋರ್ಡು ಅಂಗೈ ಅಗಲದ್ದು. ಅದರಿಂದ ಹೊರಟ ತಂತಿಯ ತುದಿಗೆ, ಮೊಟ್ಟೆಗಳ ನಡುವೆ, ಬಿಸಿ ಅಳೆಯುವ ಸಣ್ಣ ಮಣಿಯಿದೆ. "ಬಿಸಿ ಎಷ್ಟೈತೆ ಅಂತ ಮಣಿ ಹೇಳ್ತೈತೆ. ಸಾಕೋ ಬೇಕೋ ಅಂತ ಈ ಎಂಟು ಕಾಲಿನ ಐಸಿ ತೀರ್ಮಾನ ಮಾಡ್ತೈತೆ. ಆದ್ರೆ ಹೀಟರು ಹಾಕಿ ಆರಿಸೋ ಈ ರಿಲೇನ ಎಳೆಯೋ ತ್ರಾಣ ಅದಕ್ಕಿಲ್ಲ. ಅದಕ್ಕೇ ಮೂರು ಕಾಲಿನ ಈ ಟ್ರಾನ್ಸಿಸ್ಟರು. ಕೆರೆ ತೂಬು ಇದ್ದಂಗೆ. ತಿರುವೋದು ಒಬ್ಬನೇ, ಹರಿಯೋದು ಕಾಲುವೆ ತುಂಬ" ಎಂದು ವಿವರಿಸುತ್ತಾರೆ. ಸುಟ್ಟ ಟ್ರಾನ್ಸಿಸ್ಟರ್ ಈಗ ಮುಚ್ಚಲಾರದ ತೂಬಾಗಿದೆ.

ಚೀಲದಲ್ಲಿ ಅದೇ ನಮೂನೆಯವು ಎರಡಿವೆ. ಕಂಪನಿ ಬದಲಾದರೆ ಕಾಲುಗಳ ಕ್ರಮವೂ ಬದಲಾಗಬಹುದೆಂದು ಮೀಟರು ಮುಟ್ಟಿಸಿ ನೋಡಿಯೇ ಮೊದಲನೆಯದನ್ನು ಕೂರಿಸುತ್ತಾರೆ. ರಿಲೇ ಟಕ್ ಎನ್ನುತ್ತದೆ. ಹೀಟರು ಹತ್ತುತ್ತದೆ, ಆರುತ್ತದೆ. ಓಬಕ್ಕ ಮೆಲ್ಲಗೆ ಸ್ವಿಚ್ಚಿನಿಂದ ಕೈ ತೆಗೆಯುತ್ತಾರೆ.

"ಅಲ್ರೀ ಮಂಗಳಮ್ಮ, ಮೊಟ್ಟೆ ಕಂಡ್ರೆ ಮೂಗು ಮುಚ್ಕಣಾ ಮನೆತನ ನಿಮ್ಮದು. ನಿಮ್ಮ ಕೈಯಾಗೆ ಸಿಕ್ಕವಲ್ಲ ಮುನ್ನೂರು!"

"ತಿನ್ನಾಕಿಲ್ಲ, ಅದಕ್ಕೇ ಮರಿ ಮಾಡಾಕೆ ಬಂದೀನಿ. ಸುಮ್ನೆ ಕುಂತ್ಕಳ್ರಿ."

ಹನ್ನೆರಡನೆಯ ಸಲ ಟಕ್ ಎಂದ ರಿಲೇ ಮತ್ತೆ ಬಿಡುವುದಿಲ್ಲ. ಪಾದರಸ ಮೂವತ್ತೆಂಟು ದಾಟುತ್ತದೆ. ಓಬಕ್ಕ ಎದ್ದ ರಭಸಕ್ಕೆ ಮಣೆ ಉರುಳುತ್ತದೆ. ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಬಾಗಿಲು ಸಂದು ಮಾಡಿ, "ಇನ್ನೊಂದು ಹಾಕ್ರಿ" ಎನ್ನುತ್ತಾರೆ.

ಸರ್ವಮಂಗಳ ಹಾಕುವುದಿಲ್ಲ. ಉಳಿದಿರುವುದು ಒಂದೇ. ಹೊಸದುರ್ಗದಲ್ಲಿ ಬಿಡಿಭಾಗದ ಅಂಗಡಿ ತೆರೆಯುವುದು ಹತ್ತಕ್ಕೆ.

"ಹಾಕ್ರಿ ಅಂದ್ನಲ್ಲ?"

"ಇದನ್ನ ಕೊಂದಿದ್ದು ಯಾವುದು ಅಂತ ತಿಳೀದೆ ಅದನ್ನೂ ಕೊಲ್ಲಾಕಿಲ್ಲ."

"ಮೂರು ಹಗಲು, ಮೂರು ರಾತ್ರಿ ನಾನೇ ಹಿಂಗೆ ಕುಂತಿರ್ಲಾ? ಒಂದ್ಗಳಿಗೆ ಕಣ್ಣು ಹತ್ತಿದ್ರೆ ಎಲ್ಲಾ ಬೆಂದೋಗ್ತಾವೆ!"

ಸರ್ವಮಂಗಳ ಹೀಟರಿನ ತಂತಿಯನ್ನು ನೇರ ಗೋಡೆಯ ಸ್ವಿಚ್ಚಿಗೆ ಸೇರಿಸುತ್ತಾರೆ. ಬೋರ್ಡನ್ನು ಬಿಚ್ಚಿ, ಮಗುಚಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಭೂತಗನ್ನಡಿಯಲ್ಲಿ ಒಂದೊಂದೇ ಬೆಸುಗೆ ನೋಡುತ್ತ ಹೋಗುತ್ತಾರೆ. ಬೆನ್ನ ಹಿಂದೆ ಸ್ವಿಚ್ಚಿನ ಸದ್ದು: ಹಾಕಿದ್ದು, ಆರಿಸಿದ್ದು, ಹಾಕಿದ್ದು. ಕಾಲು ಗಂಟೆಯಾದ ಮೇಲೆ ಸರ್ವಮಂಗಳ ಅವರ ಕೈ ನಿಲ್ಲುತ್ತದೆ. ರಿಲೇ ಪಕ್ಕದ ಡಯೋಡಿನ ಕಾಲ ಸುತ್ತ ಕೂದಲೆಳೆಯಂಥ ಕಪ್ಪು ಬಿರುಕು. ಉಗುರು ತಾಗಿಸಿದರೆ ಕಾಲು ಅಲ್ಲಾಡುತ್ತದೆ.

ಕೆಲಸದವರು ಇದನ್ನು ಡ್ರೈ ಸೋಲ್ಡರ್ ಎನ್ನುತ್ತಾರೆ. ಕಾಲು ಸಾಕಷ್ಟು ಕಾಯುವ ಮೊದಲೇ ಸೀಸ ಸುರಿದರೆ ಮೇಲೆ ಕೂತಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. "ಕರೆಂಟು ನಿಂತಾಗ ರಿಲೇ ಸುರುಳಿ ಒದೀತೈತೆ, ಹಾಲು ಕರೆದು ಏಳೋವಾಗ ಎಮ್ಮೆ ಒದ್ದಂಗೆ. ಆ ಒದೆ ಟ್ರಾನ್ಸಿಸ್ಟರಿಗೆ ಬೀಳದಂಗೆ ಮಗ್ಗುಲಾಗೆ ದಾರಿ ಕೊಡೋದೇ ಡಯೋಡು. ದಾರಿ ಕಡಿದೋದ್ರೆ ಟ್ರಾನ್ಸಿಸ್ಟರು ಒಂದಿನ ತಡೀಬೋದು, ಹತ್ತು ನಿಮಿಷಕ್ಕೂ ಸಾಯ್ಬೋದು."

ಇಷ್ಟು ಹೇಳಿ ಅವರು ಬಿರುಕನ್ನೇ ನೋಡುತ್ತಾರೆ. ಎಂಟು ತಿಂಗಳ ಹಿಂದೆ ಈ ಡಯೋಡನ್ನು ಬದಲಿಸಿದವರು ಅವರೇ. ಅವತ್ತು ಅಂಗಡಿಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಐರನ್ನು ಪೂರ್ತಿ ಕಾದಿರಲಿಲ್ಲ. ಬೆಸುಗೆಯ ಮಂಕು ಬಣ್ಣ ಈಗ ಎದ್ದು ಕಾಣುತ್ತಿದೆ.

"ಓಬಕ್ಕ, ಈ ಬೆಸುಗೆ ನಂದೇ. ತಪ್ಪು ನಂದು."

ಸ್ವಿಚ್ಚಿನ ಸದ್ದು ನಿಲ್ಲುತ್ತದೆ. "ಹೇಳ್ದೆ ಇದ್ದಿದ್ರೆ ನಂಗೇನು ತಿಳೀತಿತ್ತು?"

"ನಂಗೆ ತಿಳೀತೈತಲ್ಲ."

ಓಬಕ್ಕ ಬಯ್ಯುವುದಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು ಎನ್ನುವಂತಿದೆ ಸರ್ವಮಂಗಳ ಅವರ ಮುಖ. ಹಳೆಯ ಸೀಸವನ್ನೆಲ್ಲ ತೆಗೆದು, ಡಯೋಡಿನ ಕಾಲನ್ನು ಬ್ಲೇಡಿನಿಂದ ಕೆರೆದು, ಮೀಟರಿನಲ್ಲಿ ನೋಡುತ್ತಾರೆ. ಒಂದು ಕಡೆಯಿಂದ ಹಾಯುತ್ತದೆ, ತಿರುಗಿಸಿ ಹಿಡಿದರೆ ಹಾಯುವುದಿಲ್ಲ. ಸರಿಯಿದೆ. ಕಾಲು ಕಾಯುವವರೆಗೆ ಐರನ್ನು ಒತ್ತಿ ಹಿಡಿದು, ತುಟಿ ಅಲ್ಲಾಡಿಸುತ್ತ ಮೂರು ಎಣಿಸಿ, ಆಮೇಲೆ ಸೀಸ ತಾಗಿಸುತ್ತಾರೆ. ಕೊನೆಯ ಟ್ರಾನ್ಸಿಸ್ಟರನ್ನು ಕೂರಿಸುವಾಗ ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ. ಬೋರ್ಡನ್ನು ಪೆಟ್ಟಿಗೆಗೆ ಮರಳಿ ಜೋಡಿಸುತ್ತಾರೆ.

ಟಕ್. ಇಬ್ಬರೂ ಎಣಿಸುತ್ತಾರೆ. ಹನ್ನೆರಡು ದಾಟುತ್ತದೆ, ಇಪ್ಪತ್ತು ದಾಟುತ್ತದೆ. ಸರ್ವಮಂಗಳ ಬೆರಳ ಹಿಂಬದಿಯಿಂದ ಟ್ರಾನ್ಸಿಸ್ಟರನ್ನು ಮುಟ್ಟಿ ನೋಡುತ್ತಾರೆ. ತಣ್ಣಗಿದೆ. ಮುಕ್ಕಾಲು ಗಂಟೆ ಕಳೆದರೂ ಪಾದರಸ ಮೂವತ್ತೇಳೂವರೆಯ ಆಸುಪಾಸಿನಲ್ಲೇ ಇದೆ.

ಇನ್ನು ಗೊತ್ತಾಗಬೇಕಾದದ್ದು ನಲವತ್ತರ ಬಿಸಿ ಒಳಗಿನ ಜೀವಕ್ಕೆ ಏನು ಮಾಡಿದೆ ಎಂಬುದು. ಓಬಕ್ಕ ಬಾಗಿಲಿಗೆ ಕಂಬಳಿ ಇಳಿಬಿಟ್ಟು ಕತ್ತಲು ಮಾಡುತ್ತಾರೆ. ಅಡ್ಡಗೆರೆಯ ಮೊಟ್ಟೆಯೊಂದನ್ನು ಟಾರ್ಚಿನ ಬಾಯಿಗೆ ಹಿಡಿಯುತ್ತಾರೆ. ಒಳಗಿನ ಮರಿಯ ಕಪ್ಪು ನೆರಳು ಅಲ್ಲಾಡುವುದಿಲ್ಲ. ಇನ್ನೊಂದು. ಅದೂ ಇಲ್ಲ. ಮೂರು ಚುಕ್ಕೆಯ ಮೊಟ್ಟೆಯಲ್ಲಿ, ದಪ್ಪ ತುದಿಯ ಗಾಳಿಗೂಡಿನ ಅಂಚಿಗೆ, ಏನೋ ಒಮ್ಮೆ ಜಗ್ಗುತ್ತದೆ. ಮತ್ತೊಮ್ಮೆ ಜಗ್ಗುತ್ತದೆ. ಓಬಕ್ಕ ಉಸಿರು ಬಿಡುತ್ತಾರೆ, ನಾಲ್ಕನೆಯದನ್ನು ಎತ್ತಿಕೊಳ್ಳುತ್ತಾರೆ.

ಸರ್ವಮಂಗಳ ಮೀಟರಿನ ತಂತಿ ಸುತ್ತಿ ಚೀಲಕ್ಕೆ ಹಾಕುತ್ತಾರೆ. ಹೊಸದುರ್ಗದಲ್ಲಿ ಗಿರಣಿಯ ಹಿಂದಿನ ಬಾಗಿಲ ಹತ್ತಿರ ಇಷ್ಟು ಹೊತ್ತಿಗೆ ಜನ ಬಂದಿರುತ್ತಾರೆ. ಆದರೂ ಕಂಬಳಿಯ ಬಳಿ ನಿಲ್ಲುತ್ತಾರೆ.

"ಮರಿ ಒಡೆದ ದಿನ ಫೋನ್ ಮಾಡ್ರಿ, ಓಬಕ್ಕ. ಹುಟ್ಟಿದ್ದು ಎಷ್ಟು ಅಂತ ಆಮ್ಯಾಲೆ ಹೇಳ್ರಿ. ಹೋಗಿದ್ದು ಎಷ್ಟು ಅಂತ ಮೊದ್ಲು ಹೇಳ್ರಿ."

ಓಬಕ್ಕ ನಾಲ್ಕನೆಯ ಮೊಟ್ಟೆಯನ್ನು ಕಿವಿಗೆ ಒತ್ತಿಕೊಂಡು, ಒಳಗಿನ ಸದ್ದಿಗೆ ಕಾಯುತ್ತಿದ್ದಾರೆ.