ಮೀಟರ್ ಮೇಸ್ತ್ರಿ ಮಂಡಿಗೆ ಬಂದ ದಿನ

ಮೊನ್ನೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಾಯುತ್ತ ಕುಳಿತಿದ್ದೆ. ಒಳಗೆ ಬೆಸುಗೆ ಹಾಕುವ ಕಡ್ಡಿಯನ್ನು ರಾಳಕ್ಕೆ ಅದ್ದಿದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತೇಹೋಯಿತು. ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿದ್ದ ತಗಡಿನ ಶೆಡ್ಡು, ಅದರೊಳಗೆ ಬೀಡಿ ಕಚ್ಚಿಕೊಂಡು ಯಾರನ್ನೋ ಬೈಯುತ್ತ ಕೂತ ಮೀಟರ್ ಮೇಸ್ತ್ರಿ...

ಕಾರು, ಲಾರಿ, ಜೀಪುಗಳ ಮೀಟರ್ ರಿಪೇರಿ ಅವರ ಕಸುಬು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ನಾನು ನೋಡಿದ್ ಮೇಲೆ ಇನ್ನೊಬ್ರು ನೋಡಾಕೆ ಏನೈತೆ?" ಎನ್ನುವುದು ಅವರ ಮಾಮೂಲಿ ಮಾತು. ಇಂಥ ಜಂಬದ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ನಿಜ ಹೇಳುತ್ತೇನೆ.

ಎಂಬತ್ತರ ದಶಕದ ಆರಂಭ. ನಾನು ಅಡಿಕೆ ಮಂಡಿಯ ಸಾಹುಕಾರರೊಬ್ಬರ ಕಾರಿನ ಡ್ರೈವರ್. ಹೊಸದಾಗಿ ಮದುವೆಯಾಗಿತ್ತು. ಸಾಹುಕಾರರಿಗೆ ಮೀಟರುಗಳ ಹುಚ್ಚು. ಕಾರಿನ ಜೊತೆ ಬಂದದ್ದು ಸಾಲದೆಂದು ದಾವಣಗೆರೆಯಿಂದ ಬೇರೆ ತರಿಸಿ, ಸ್ಟಿಯರಿಂಗ್ ಪಕ್ಕ ಒಂದು ತಗಡಿನ ಪಟ್ಟಿ ಹೊಡೆಸಿ, ಸಾಲಾಗಿ ಕೂರಿಸಿದ್ದರು. ಹಿಂದಿನ ಸೀಟಿನಲ್ಲಿ ಕೂತವರು ರಸ್ತೆ ನೋಡುತ್ತಿರಲಿಲ್ಲ, ಮುಳ್ಳು ನೋಡುತ್ತಿದ್ದರು. ಆಯುಧಪೂಜೆ ಬಂತೆಂದರೆ ಆ ಪಟ್ಟಿಗೆ ಹೊಸ ಬಣ್ಣ ಆಗಲೇಬೇಕು. ಆ ವರ್ಷವೂ ಮೀಟರುಗಳನ್ನು ಬಿಚ್ಚಿ ಬಣ್ಣ ಬಳಿಸಿದರು, ಒಣಗಿದ ಮೇಲೆ ಮೇಸ್ತ್ರಿಯೇ ಮತ್ತೆ ಕೂರಿಸಿದರು. ಕುಂಬಳಕಾಯಿ, ನಿಂಬೆಹಣ್ಣು ಎಲ್ಲ ಸಾಂಗವಾಗಿ ನಡೆಯಿತು.

ಹಬ್ಬ ಕಳೆದ ಸ್ವಲ್ಪ ದಿನಕ್ಕೆ ಬಸವಾಪಟ್ಟಣದಿಂದ ವಾಪಸ್ ಬರುವಾಗ ಮುಸ್ಸಂಜೆಯಾಯಿತು. ಲೈಟು ಹಾಕಿದೆ. ಹಿಂದಿನಿಂದ ಸಾಹುಕಾರರು, "ಲೇ, ಹೀಟಿನ ಮುಳ್ಳು ಕೆಂಪಿಗೆ ಹೋಗೈತಲ್ಲೋ" ಎಂದರು. ಗಾಬರಿಯಾಗಿ ನಿಲ್ಲಿಸಿ ಬಾನೆಟ್ ಎತ್ತಿದೆ. ನೀರು ತುಂಬಿತ್ತು, ಹಬೆಯ ಸುಳಿವಿಲ್ಲ. ಇಂಜಿನ್ ಕಾದಿಲ್ಲ ಎಂದೆ. "ಹಂಗಾದ್ರೆ ಮುಳ್ಳು ಸುಳ್ಳು ಹೇಳ್ತೈತೇನು?" ಎಂದರು.

ಮರುದಿನ ಮಧ್ಯಾಹ್ನ ಕಾರು ಮೇಸ್ತ್ರಿಯ ಶೆಡ್ಡಿನ ಮುಂದೆ ನಿಂತಿತು. ಇಂಜಿನ್ ಓಡುತ್ತಿದ್ದರೂ ಮುಳ್ಳು ಸಭ್ಯಸ್ಥನ ಹಾಗೆ ನಡುವೆಯೇ ಇತ್ತು. ಮೇಸ್ತ್ರಿ ಒಮ್ಮೆ ಬಗ್ಗಿ ನೋಡಿ, "ಮೀಟ್ರು ಸರಿ ಐತೆ ಸಾವ್ಕಾರ್ರೇ. ನೀರು ನೋಡ್ದಂಗೆ ಗಾಡಿ ಓಡ್ಸಿದ್ರೆ ಮುಳ್ಳು ತಾನೇ ಏನ್ ಮಾಡೀತು?" ಎಂದುಬಿಟ್ಟರು. ಸಾಹುಕಾರರು ಅಲ್ಲೇ ನನ್ನ ಕೈಯಿಂದ ಕೀಲಿ ಇಸಿದುಕೊಂಡರು.

ಇಂಜಿನ್ ಸುಡುವ ಡ್ರೈವರ್ ಎಂಬ ಹೆಸರು ಬಂದರೆ ಮುಗಿಯಿತು, ಯಾರೂ ಸ್ಟಿಯರಿಂಗ್ ಮುಟ್ಟಗೊಡುವುದಿಲ್ಲ. ನ್ಯಾಮತಿಯ ಲಾರಿ ಮಾಲೀಕರೊಬ್ಬರನ್ನು ಕೇಳಲು ಹೋದರೆ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಹೆಂಡತಿಯ ಮುಖ ನೋಡಲಾಗದೆ ಹೊಳೆ ದಂಡೆಯಲ್ಲಿ ಕೂತು ಮೇಸ್ತ್ರಿಗೆ ಹಿಡಿಶಾಪ ಹಾಕಿದೆ.

ಹೀಗಿರುವಾಗ ಒಂದು ಮಧ್ಯಾಹ್ನ, ಇನ್ನೊಮ್ಮೆ ಕೇಳಿ ನೋಡೋಣವೆಂದು ಮಂಡಿಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ರೈತರು, ದಲಾಲರು ತುಂಬಿದ್ದರು. ಮೇಸ್ತ್ರಿ ಮಸಿ ಕೈಯಲ್ಲೇ ದಡದಡ ಬಂದವರು, "ಕಾರಿನ ಕೀಲಿ ಕೊಡ್ರಿ ಸಾವ್ಕಾರ್ರೇ. ಎಲ್ಲಾರೂ ಬರ್ರಿ" ಎಂದರು. ಇಂಜಿನ್ ಚಾಲೂ ಮಾಡಿದರು. ಮುಳ್ಳು ನಡುವೆ ನಿಂತಿತು. ಲೈಟು ಹಾಕಿದರು. ಮುಳ್ಳು ಮೆಲ್ಲಗೆ ಕೆಂಪಿಗೆ ಏರಿತು. ಪಟ್ಟಿಯ ಹಿಂದೆ ಕೈ ಹಾಕಿ, ಚಾಕುವಿನಿಂದ ಬಣ್ಣ ಕೆರೆದು ನಟ್ಟು ಬಿಗಿದರು. ಲೈಟು ಉರಿಯುತ್ತಲೇ ಇತ್ತು, ಮುಳ್ಳು ಇಳಿದು ತನ್ನ ಜಾಗಕ್ಕೆ ಬಂತು.

"ಬೆಳಿಗ್ಗೆ ಜಗಳೂರಿನ ಜೀಪೊಂದು ಬಂದಿತ್ತು, ಇದೇ ಕಾಯಿಲೆ. ಅದನ್ನ ನೋಡಿದ್ ಮೇಲೆ ಹೊಳೀತು. ಮೀಟ್ರಿಗೆ ತಗಡಿಂದ ಅರ್ಥ್ ಸಿಗ್ಬೇಕು. ನಡುವೆ ಹೊಸಾ ಬಣ್ಣ ಕೂತು ಅದು ತಪ್ಪೈತೆ, ಲೈಟು ಹಾಕಿದ್ರೆ ಅದ್ರ ಕರೆಂಟು ಮುಳ್ಳಿಗೆ ನುಗ್ತೈತೆ. ಬಣ್ಣ ಕೆರೀದೆ ಮೀಟ್ರು ಕೂರ್ಸಿದೋನು ನಾನು. ಹಗಲಾಗೆ ಲೈಟು ಹಾಕ್ದೆ ನೋಡಿ ಸರಿ ಐತೆ ಅಂದೋನೂ ನಾನೇ. ಈ ಹುಡುಗಂದು ಏನೂ ಇಲ್ಲ. ತಪ್ಪು ನಂದು."

ಸಾಹುಕಾರರು ಕೀಲಿಯನ್ನು ನನ್ನ ಕಡೆ ಚಾಚಿದರು.

ಅವರು ಸದ್ದಿಲ್ಲದೆ ಬಂದು ಬಣ್ಣ ಕೆರೆದು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಹೆಸರು ಮಾತ್ರ ಕೆಟ್ಟೇ ಇರುತ್ತಿತ್ತು. ಆಮೇಲೆ ಸಾಹುಕಾರರು ಮೀಟರ್ ಕೆಲಸಕ್ಕೆಲ್ಲ ದಾವಣಗೆರೆಗೇ ಕಳಿಸತೊಡಗಿದರು. ನಾನು ಕೈ ಮುಗಿಯಲು ಹೋದರೆ ಮೇಸ್ತ್ರಿ ತಲೆ ಎತ್ತಲಿಲ್ಲ. "ಬೆಳಕಿಗೆ ಅಡ್ಡ ನಿಂತೀಯ, ಸರಿ ಅತ್ಲಾಗೆ" ಎಂದರು. ಸರಿದು ನಿಂತೆ. ಆ ಕೀಲಿಯಿಂದಲೇ ಸಂಸಾರ ನಡೆಯಿತು, ಮಕ್ಕಳು ಓದಿದರು, ಕೊನೆಗೆ ನನ್ನದೇ ಒಂದು ಕಾರೂ ಆಯಿತು. ಅವರ ಋಣ ದೊಡ್ಡದು. ತೀರಿಸಿದೆ ಎಂದು ಹೇಳಲಾರೆ...

ಮೇಸ್ತ್ರಿ ಹೋಗಿ ಎಷ್ಟೋ ವರ್ಷವಾಯಿತು. ಹೋದ ವರ್ಷ ನ್ಯಾಮತಿಯಲ್ಲಿ ಒಂದು ಮದುವೆಗೆ ಹೋದಾಗ ಅವರ ಮಗ ಸಿಕ್ಕ. ಸಂತೋಷದಿಂದ ಎಲ್ಲ ಹೇಳಿದೆ. ಅವನು ನಕ್ಕುಬಿಟ್ಟ. "ನಮ್ಮಪ್ಪ ತಪ್ಪು ನಂದು ಅಂದ್ರಾ? ನೀವು ಬೇರೆ ಯಾರನ್ನೋ ಹೇಳ್ತಿದೀರಿ ಯಜಮಾನ್ರೇ. ಮನೇಲಿ ಒಂದಿನಾನೂ ಹಂಗಂದೋರಲ್ಲ."

ಸಾಕ್ಷಿಗೆ ಯಾರನ್ನು ಕರೆಯಲಿ? ಸಾಹುಕಾರರಿಲ್ಲ, ಅಂದು ಕಾರಿನ ಸುತ್ತ ನಿಂತಿದ್ದ ರೈತರು, ದಲಾಲರಲ್ಲಿ ಒಬ್ಬರೂ ಇಲ್ಲ. ಆ ಮಾತು ಕೇಳಿದವರಲ್ಲಿ ಉಳಿದವನು ನಾನೊಬ್ಬನೇ. ಮಗನ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೆ. ಮೊದಲಿನಿಂದ ಇನ್ನೊಮ್ಮೆ ಹೇಳಿದೆ.