ಎಳ್ಳು ಮರೆತ ವನಮಾಲಾಬಾಯಿ

ಕಾಶಿಗೆ ಬಂದ ಹೊಸತರಲ್ಲೇ ನಾನು ಒಬ್ಬರ ಮಿದುಳಿನ ರೋಗವನ್ನು ಪತ್ತೆ ಹಚ್ಚಿದೆ. ನನ್ನ ಓದು ಬಿ.ಕಾಂ., ಅದೂ ಗುದ್ದಾಡಿ ಪಾಸಾದದ್ದು. ಭೇಲೂಪುರದ ಒಂದು ವಿಮಾ ಕಚೇರಿಯಲ್ಲಿ ಬಂದ ಕಾಗದಕ್ಕೆಲ್ಲ ಠಸ್ಸೆ ಹೊಡೆಯುವುದು ಕೆಲಸ. ವೈದ್ಯಶಾಸ್ತ್ರಕ್ಕೆ ಇಷ್ಟು ಸಾಕೆಂದು ನನಗೆ ಅನ್ನಿಸಿತ್ತು. ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ವನಮಾಲಾಬಾಯಿಗೆ ಮರೆವು ಶುರುವಾಗಿದೆ, ಪಾಪ, ಎಂದು ತೀರ್ಮಾನಿಸಿಬಿಟ್ಟೆ.

ಲಕ್ಷಣಗಳು ಒಂದೆರಡಲ್ಲ. ಪಂಚಾಂಗ ತಲೆಯ ಮೇಲಿನ ಮೊಳೆಗೇ ತೂಗುತ್ತಿದ್ದರೂ ದಿನಾ ಬೆಳಿಗ್ಗೆ ಗಂಡನನ್ನು ಕೇಳುವರು, “ರೀ, ಇವತ್ತ ಯಾವ ತಿಥಿ? ಯಾವ ವಾರ? ನಿನ್ನೆ ಏನು ಪಲ್ಯಾ ಮಾಡಿದ್ದೆ?” ಗಂಡ ಶೇಷಗಿರಿ ಆಚಾರ್ಯರನ್ನು ಸೋನಾರ್‌ಪುರದ ಬಜಾರಿಗೆ ಕೊತ್ತಂಬರಿ ತರಲು ಕಳಿಸುವರು. ಅವರು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹಸಿಮೆಣಸಿನಕಾಯಿ ನೆನಪಾಗುವುದು. ಅದು ಬಂದ ಮೇಲೆ ನಿಂಬೆಹಣ್ಣು. ಎಲ್ಲಕ್ಕಿಂತ ದೊಡ್ಡ ಸಾಕ್ಷಿಯೆಂದರೆ, ಘಾಟಿನಲ್ಲಿ ಶ್ರಾದ್ಧಕ್ಕೆ ಕೂತಾಗ ಎಳ್ಳು ತರುವುದನ್ನೇ ಮರೆಯುತ್ತಾರೆಂದು ಸುತ್ತಲಿನ ನಾಲ್ಕಾರು ಕನ್ನಡದ ಮನೆಗಳಲ್ಲಿ ನಗುತ್ತಿದ್ದರು.

ಸಂಬಳದ ದಿನ ಗೋದೌಲಿಯಾದ ಔಷಧದ ಅಂಗಡಿಯಿಂದ ಒಂದು ಸೀಸೆ ಬ್ರಾಹ್ಮಿ ಎಣ್ಣೆ ತಂದು ಅಡುಗೆಮನೆಯ ಹೊಸ್ತಿಲಿನ ಮೇಲಿಟ್ಟೆ.

“ಏನೋ ಇದು?”

“ಬ್ರಾಹ್ಮಿ ಎಣ್ಣಿ, ಕಾಕೂ. ನೆನಪಿನ ಶಕ್ತಿಗೆ ಭಾಳ ಛಲೋ ಅಂತ.”

“ಯಾರ ನೆನಪಿಗೆ?”

ನಾನು ನನ್ನ ಕಾಲಿನ ಹೆಬ್ಬೆರಳು ನೋಡಿದೆ. “ನಿಮಗ.”

ಅವರು ಸೀಸೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಒಲೆಯ ಮೇಲಿನ ಬೇಳೆ ಉಕ್ಕಿತು, ಅದನ್ನೂ ನೋಡಲಿಲ್ಲ. ಆಮೇಲೆ ನನ್ನನ್ನು ಮಣೆಯ ಮೇಲೆ ಕೂಡಿಸಿ ನೆತ್ತಿಯ ಮೇಲೆ ಅರ್ಧ ಸೀಸೆ ಸುರಿದು ತಟ್ಟಿದರು.

“ರಾತ್ರಿ ಎರಡನೇ ಆಟ ಸಿನಿಮಾ ನೋಡ್ತಿ. ಮುಂಜಾನೆ ಎದ್ದು ಕಚೋರಿ, ಜಿಲೇಬಿ ತಿಂತಿ. ಕಚೇರಿಗೆ ಓಡೂ ಮುಂದ, ಕಾಕೂ ನನ್ನ ಖೋಲಿ ಕೀಲಿ ಎಲ್ಲದ ಅಂತ ನನ್ನ ಕೇಳ್ತಿ. ನನಗ ಎಣ್ಣಿ ತಂದಾನ, ನನಗ!”

“ಏನಾತ?” ಎಂದು ಪಡಸಾಲೆಯಿಂದ ಆಚಾರ್ಯರು ಕೇಳಿದರು.

“ಏನಿಲ್ರಿ. ಪ್ರಾಣೇಶನ ತಲಿ ಕಾದದ.”

ಅಷ್ಟೇ. ತನಗೆ ಮರೆವಿಲ್ಲವೆಂದು ಅವರು ಹೇಳಲಿಲ್ಲ. ಹೇಳದಿದ್ದದ್ದಕ್ಕೆ ಕಾರಣವಿತ್ತು. ಅದು ನನಗೆ ತಿಳಿಯಲು ಮಳೆಗಾಲ ಬರಬೇಕಾಯಿತು.

ವನಮಾಲಾಬಾಯಿ ಗಂಗಾವತಿ ಕಡೆಯವರು. ಪರಕಾರ ಉಡುವ ಎಳೆ ವಯಸ್ಸಿನಲ್ಲಿ ಆನೆಗೊಂದಿಯ ಆಚಾರ್ಯರ ಮನೆಗೆ ಸೊಸೆಯಾಗಿ, ಅಲ್ಲಿಂದ ಮಾವನ ಹಿಂದೆ ಕಾಶಿಗೆ ಬಂದವರು. ನಮ್ಮ ನಾಡಿನಿಂದ ಅಸ್ಥಿ ಬಿಡಲು, ಪಿಂಡ ಹಾಕಲು ಬರುವವರನ್ನು ಆಚಾರ್ಯರು ಘಾಟಿಗೆ ಕರೆದೊಯ್ದು ಕರ್ಮ ಮಾಡಿಸುವರು. ಇವರು ಮಡಿಯಲ್ಲಿ ಅಡುಗೆ ಮಾಡಿ, ಪಿಂಡದ ಅನ್ನದ ಪಾತ್ರೆ ಹೊತ್ತು ಹಿಂದೆ ಹೋಗುವರು. ಮಕ್ಕಳಿಲ್ಲದ ಮನೆಯಾದರೂ ದಿನಾ ಯಾರದೋ ಅಪ್ಪ, ಯಾರದೋ ಅಜ್ಜಿ ಆ ಮನೆಯಲ್ಲಿ ನೆನಪಾಗುತ್ತಿದ್ದರು. ರಿಕ್ಷಾದವರೊಂದಿಗೆ ವನಮಾಲಾಬಾಯಿ ಆಡುವ ಹಿಂದಿಯಲ್ಲಿ ಕ್ರಿಯಾಪದ ಕನ್ನಡದ್ದು, ಬೈಗುಳ ಕಾಶಿಯದು. ಎದುರಾಡಿದವರನ್ನು ನಾನು ಕಂಡಿಲ್ಲ.

ಭಾನುವಾರ ಮಧ್ಯಾಹ್ನ ಆಚಾರ್ಯರು ಮಹಡಿಯ ನನ್ನ ಖೋಲಿಗೆ ಹತ್ತಿ ಬರುತ್ತಿದ್ದರು. ಮಾತಾಡಲು ಯೋಗ್ಯನಾದವನು ಈ ಗಲ್ಲಿಯಲ್ಲಿ ನಾನೊಬ್ಬನೇ ಎಂದು ಉಬ್ಬಿದ್ದೆ. ಒಮ್ಮೆ ಕೈಗೆ ನೀರು ಹಾಕಿಕೊಳ್ಳಲು ಹೋಗಿ ತಿರುಗಿ ಬಂದರೆ, ಅವರು ನನ್ನ ಮಂಚದ ಕೆಳಗಿನಿಂದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಎಳೆದು ಬೆರಳು ಚೀಪುತ್ತಿದ್ದರು. ಆ ಭರಣಿಯನ್ನು ಅಲ್ಲಿ ಬಚ್ಚಿಟ್ಟವರು ವನಮಾಲಾಬಾಯಿ. ಅದು ಗೊತ್ತಿಲ್ಲದವನು ನಾನೊಬ್ಬನೇ.

“ಆಕಿಗೆ ಹೇಳಬ್ಯಾಡಪಾ,” ಎಂದರು ಆಚಾರ್ಯರು, ಶಾಲೆಯ ಹುಡುಗನ ಮುಖ ಮಾಡಿ.

ಮೂಲೆಯ ಪಾನ್ ಅಂಗಡಿಯಲ್ಲೂ ಅದೇ ಕಥೆ. ಆಚಾರ್ಯರು ಜರ್ದಾ ಕೇಳಿದರೆ ಅಂಗಡಿಯವನು ಕೈಮುಗಿದು, “ಮಾತಾಜಿ ಕಾ ಹುಕುಮ್ ನಹೀಂ ಹೈ, ಗುರೂಜಿ,” ಎಂದು ಬರೀ ಎಲೆಯಡಿಕೆ ಮಡಿಚಿ ಕೊಡುತ್ತಿದ್ದ. ಗಯ್ಯಾಳಿ ಹೆಂಡತಿ, ಬಡಪಾಯಿ ಗಂಡ ಎಂದು ನಾನು ಮರುಗಿದೆ. ರೋಗ ಪತ್ತೆ ಹಚ್ಚುವುದರಲ್ಲಿ ನನ್ನ ಕೈ ಎಷ್ಟು ಪಳಗಿತ್ತು ನೋಡಿ.

ಮಳೆಗಾಲದ ಒಂದು ಭಾನುವಾರ ರಾಯಚೂರು ಕಡೆಯ ಒಬ್ಬರು ತಂದೆಯ ಪಿಂಡ ಹಾಕಲು ಬಂದಿದ್ದರು. ಸಾಮಾನು ಹೊರಲು ನಾನೂ ಹೋದೆ. ಗಂಗೆ ಏರಿ ಮೇಲಿನ ಮೆಟ್ಟಿಲುಗಳಿಗೆ ಬಡಿಯುತ್ತಿದ್ದಳು. ಆಚಾರ್ಯರು ಸಂಕಲ್ಪ ಶುರು ಮಾಡಿದರು. ಸಂವತ್ಸರ, ಮಾಸ, ತಿಥಿ ಎಲ್ಲ ಹೇಳಿ, ಕೂತ ಜಾಗ ಯಾವ ನದಿಯ ಯಾವ ದಂಡೆ ಎಂದು ಹೇಳುವ ಕಡೆಗೆ ಬಂದರು. ಕಂಚಿನ ಗಂಟೆಯಂಥ ದನಿ.

“ತುಂಗಭದ್ರಾಯಾಃ ಉತ್ತರೇ ತೀರೇ…”

ಯಾತ್ರಿಕರು ಭಕ್ತಿಯಿಂದ ಅದನ್ನೇ ಹೇಳಿದರು, “ತುಂಗಭದ್ರಾಯಾಃ ಉತ್ತರೇ ತೀರೇ.” ಮೊಣಕಾಲಿನವರೆಗೆ ಗಂಗೆಯ ನೀರು ಸಿಡಿಯುತ್ತಿದೆ, ಬಾಯಲ್ಲಿ ಆನೆಗೊಂದಿಯ ಹೊಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ವನಮಾಲಾಬಾಯಿ ಹಣೆಗೆ ಕೈ ಬಡಿದುಕೊಂಡರು.

“ಅಯ್ಯ ನನ್ನ ತಲಿನ! ಎಳ್ಳಽ ತರಲಿಲ್ಲ ನೋಡ್ರಿ. ಪ್ರಾಣೇಶಾ, ಓಡಿ ಹೋಗಿ ಅಂಗಡಿಯಿಂದ ತಾ. ರೀ, ಎಳ್ಳು ಬಂದ ಮ್ಯಾಲೆ ಮೊದಲಿಂದ ಹೇಳಿಬಿಡ್ರಿ. ಕಾಶೀಯೊಳಗ ಗಂಗಾ ದಂಡೀಮ್ಯಾಲೆ ಕೂತು ಅರ್ಧಾಮರ್ಧಾ ಸಂಕಲ್ಪ ಆಗಬಾರದು.”

“ವಯಸ್ಸಾತು ನಿನಗ,” ಎಂದು ಆಚಾರ್ಯರು ಗದರಿದರು. ಯಾತ್ರಿಕರು ಸಣ್ಣಗೆ ನಕ್ಕರು. ನಾನು ಓಡಲು ಎದ್ದೆ. ಆಗ ಕಂಡಿತು: ವನಮಾಲಾಬಾಯಿಯ ಸೊಂಟದಲ್ಲಿ, ಸೀರೆಯ ಮಡಿಕೆಯೊಳಗೆ, ಎಳ್ಳಿನ ಪೊಟ್ಟಣ ಸಿಕ್ಕಿಸಿತ್ತು. ನಾನು ಕಂಡೆನೆಂದು ಅವರೂ ಕಂಡರು. ಹುಬ್ಬು ಗಂಟಿಕ್ಕಿ, ಓಡು ಎಂದು ಸನ್ನೆ ಮಾಡಿದರು. ಓಡಿದೆ.

ಎಳ್ಳು ಬಂತು. ಸಂಕಲ್ಪ ಮೊದಲಿನಿಂದ ಶುರುವಾಯಿತು. ಈ ಸಲ ನದಿ ಸರಿಯಾಗಿ ಬಂತು, “ಭಾಗೀರಥ್ಯಾಃ ಪಶ್ಚಿಮೇ ತೀರೇ.”

ಮನೆಗೆ ಬರುವ ದಾರಿಯಲ್ಲಿ ಆಚಾರ್ಯರನ್ನು ಮುಂದೆ ಬಿಟ್ಟು ವನಮಾಲಾಬಾಯಿ ಹೇಳಿದರು. ಹಿಂದಿನ ಚಳಿಗಾಲದಲ್ಲಿ ಆಚಾರ್ಯರು ಗೋದೌಲಿಯಾದ ಚೌಕದಲ್ಲಿ ಮನೆಯ ದಾರಿ ಮರೆತು ನಿಂತಿದ್ದರಂತೆ. ಗುರುತಿನ ರಿಕ್ಷಾದವನು ಕೂಡಿಸಿಕೊಂಡು ಬಂದ. ಭೇಲೂಪುರದ ಬಂಗಾಳಿ ಡಾಕ್ಟರು ರಕ್ತದೊತ್ತಡ ನೋಡಿ ಮಾತ್ರೆ ಬರೆದುಕೊಟ್ಟು, ಮಿದುಳಿನ ಸಣ್ಣ ನಾಳಗಳು ಸೊರಗಿವೆ, ಹೋದದ್ದು ತಿರುಗಿ ಬಾರದು, ಇದ್ದದ್ದನ್ನು ಜೋಪಾನ ಮಾಡಬಹುದು ಎಂದರು. ಉಪ್ಪು ಕಡಿಮೆ ಮಾಡಿ, ಹೊಗೆಸೊಪ್ಪು ಬಿಡಿಸಿ, ಚೆನ್ನಾಗಿ ನಡೆಸಿ, ಹೊತ್ತಿಗೆ ಸರಿಯಾಗಿ ಮಲಗಿಸಿ, ಮುಖ್ಯವಾಗಿ ಮೂಲೆಯಲ್ಲಿ ಕೂಡಿಸಬೇಡಿ, ನಾಲ್ಕು ಜನರ ಜೊತೆ ಮಾತಾಡಲಿ, ತಲೆಗೆ ಕೆಲಸ ಕೊಡಿ.

“ನಡೀರಿ ಅಂದ್ರ ನಡ್ಯೂದಿಲ್ಲ ಅವರು. ನಾನೇನು ರೋಗಿ ಏನ್ ಅಂತಾರ. ಕೊತ್ತಂಬರಿ ತರ್ರಿ ಅಂದ್ರ ಹೋಗ್ತಾರ. ಅದಕ್ಕಽ ಒಂದೊಂದಽ ತರಸ್ತೀನಿ.”

“ತಿಥಿ ಕೇಳೂದು?”

“ಅದು ತಲೀಗೆ ಕೆಲಸ. ಅವರಿಗೆ ಲೆಕ್ಕಾ ಬರಬೇಕು, ತಿಥಿ ಬರಬೇಕು. ನಾನು ಪಂಚಾಂಗ ನೋಡಿ ಹೇಳಿದ್ರ ಪಂಚಾಂಗ ಶಾಣ್ಯಾ ಆಗ್ತದ.”

ಮಧ್ಯಾಹ್ನ ಗಂಡನೊಂದಿಗೆ ಕವಡೆ ಹಾಕಿ ಚೌಕಾಬಾರ ಆಡುತ್ತಾ, ಗಲ್ಲಿಗೆಲ್ಲ ಕೇಳುವಷ್ಟು ಗಲಾಟೆ ಮಾಡಿ ಜಗಳಾಡುತ್ತಿದ್ದದ್ದೂ ಅದಕ್ಕೇ. ಬೇಕೆಂತಲೇ ಕಾಯಿ ತಪ್ಪಾಗಿ ನಡೆಸುವರು. ಗಂಡ ಕಂಡುಹಿಡಿದು ಬೈದರೆ ಒಳಗೊಳಗೇ ಹಿಗ್ಗುವರು. ಮರೆವಿನ ಹೆಸರು ತನಗಿರಲಿ, ಕೆಲಸದ ಹೆಸರು ಗಂಡನಿಗಿರಲಿ ಎಂಬುದು ಅವರ ಒಪ್ಪಂದ, ಗಂಡನಿಗೆ ಗೊತ್ತಿಲ್ಲದ ಒಪ್ಪಂದ. ನಾನು ಅದಕ್ಕೆ ಎಣ್ಣೆ ಹಚ್ಚಲು ಹೋಗಿದ್ದೆ.

ಆದರೆ ಘಾಟಿನಲ್ಲಿ ಕಿವಿಗಳಿಗೆ ಬರವಿಲ್ಲ. ಮರುದಿನವೇ ಆಚಾರ್ಯರ ಅಣ್ಣನ ಮಗ ಗೋಪಾಲಕೃಷ್ಣ ಬಂದ. ಅವನೂ ಅದೇ ಘಾಟಿನಲ್ಲಿ ಕರ್ಮ ಮಾಡಿಸುವವನು, ಒಳ್ಳೆಯವನು.

“ಕಾಕೂ, ಪಿತೃಪಕ್ಷ ಬಂತು. ಕಾಕಾನ್ನ ಇನ್ನ ಮನ್ಯಾಗ ಕೂಡಸ್ರಿ. ಬಂದವರನ್ನ ನಾ ನೋಡ್ಕೋತೀನಿ.”

“ಮನ್ಯಾಗ ಕೂಡ್ಸಿ ಏನು ಮಾಡ್ಲಿ? ಹೂವು ಏರಸ್ಲೇನು?”

“ಹಂಗಲ್ಲ—”

“ಘಾಟಿಗೆ ಹೋಗೂದು ತಪ್ಪಿದ್ರ ಅವರು ತಿಂಗಳೊಪ್ಪತ್ತಿನಾಗ ಗ್ವಾಡಿ ನೋಡ್ಕೋತ ಕೂಡ್ತಾರ, ಗೋಪಾಲಾ. ಅವರ ಅರ್ಧಾ ತಲಿ ಘಾಟಿನ್ಯಾಗಽ ಅದ.”

ಗೋಪಾಲಕೃಷ್ಣ ಮೆಲ್ಲಗೆ ಹೇಳಿದ, “ಬಂದವರದ್ದೂ ನೋಡ್ರಿ ಕಾಕೂ. ಎರಡು ದಿನ ರೈಲಿನ್ಯಾಗ ಕೂತು ಬಂದಿರ್ತಾರ. ಅವರ ಅಪ್ಪನ ಪಿಂಡಾ ತಪ್ಪು ಹೊಳಿ ಹೆಸರಿನ್ಯಾಗ ಹೋದ್ರ?”

ವನಮಾಲಾಬಾಯಿ ಬೋರಲು ಹಾಕಿದ್ದ ಅನ್ನದ ಪಾತ್ರೆಯ ಕಡೆ ನೋಡಿದರು. ಜೀವನವಿಡೀ ಆ ಪಿಂಡದ ಅನ್ನ ಬೇಯಿಸಿದವರು. ಅದರ ಮೇಲೆ ಅವರಿಗಿದ್ದ ನಂಬಿಕೆ ಗಂಡನ ಮೇಲಿನ ನಂಬಿಕೆಗಿಂತ ಕಡಿಮೆಯದಲ್ಲ. ಕೊನೆಗೆ ಹೇಳಿದರು, “ಪಿತೃಪಕ್ಷದಾಗ ಮೊದಲ ಬರೋ ಮಂದೀದು ಒಂದು ಅವರಽ ಮಾಡಿಸ್ಲಿ. ನೀನೂ ಮಗ್ಗಲಾಗ ಕೂಡು. ತಪ್ಪಿದ್ರ ಮುಂದಿಂದೆಲ್ಲಾ ನಿಂದು. ನಾ ಎಳ್ಳು ಮರಿಯೂದಿಲ್ಲ.”

ಅಂದಿನಿಂದ ಬೆಳಗಿನ ನಡಿಗೆ ಪಾಠಶಾಲೆಯಾಯಿತು. ನನ್ನನ್ನೂ ಎಳೆದುಕೊಂಡು ಹೋದರು. ಆ ವರ್ಷ ಕಚೇರಿಗಳಲ್ಲಿ ಹೊತ್ತಿಗೆ ಸರಿಯಾಗಿ ಹಾಜರಾಗಬೇಕೆಂಬ ಕಟ್ಟುನಿಟ್ಟು ಬೇರೆ. ನಸುಕಿನಲ್ಲಿ ಏಳುವುದು ನನಗೂ ಅನಿವಾರ್ಯವಾಗಿತ್ತು. ಹಾಲಿನ ಅಂಗಡಿಯ ಮುಂದೆ ಸಂವತ್ಸರ, ಪಾನ್ ಅಂಗಡಿಯ ಹತ್ತಿರ ಮಾಸ, ಮಠದ ಬಾಗಿಲಲ್ಲಿ ತಿಥಿ, ಘಾಟಿನ ಮೊದಲ ಮೆಟ್ಟಿಲಲ್ಲಿ ನದಿ. ಆಚಾರ್ಯರು ಒಂದು ದಿನ ಥಟ್ಟನೆ ಹೇಳುವರು, ಇನ್ನೊಂದು ದಿನ ಮೆಟ್ಟಿಲ ಮೇಲೆ ನಿಂತೇ ಇರುವರು. ಎರಡನೇ ಆಟದ ಸಿನಿಮಾ ನಿಂತು, ಕಚೋರಿ ಭಾನುವಾರಕ್ಕಷ್ಟೇ ಉಳಿದು, ಸ್ವಲ್ಪ ದಿನಕ್ಕೆ ನನ್ನ ಕೀಲಿ ಮಾತ್ರ ತಾನಾಗಿ ಸಿಗತೊಡಗಿತು. ಔಷಧ ಬೇಕಾದವರಿಗೆ ತಾಗದೆ ಪಕ್ಕದವನಿಗೆ ತಾಗಿದರೆ ಎಷ್ಟು ನಾಚಿಕೆ ಎಂಬುದು ಆಗ ತಿಳಿಯಿತು.

ಪಿತೃಪಕ್ಷದ ಮೊದಲ ಯಾತ್ರಿಕರು ಸಿಂಧನೂರಿನವರು, ಅಣ್ಣತಮ್ಮಂದಿರು. ನಾನು ರಜೆ ಹಾಕಿ ಹೋದೆ. ಆಚಾರ್ಯರು ಕೂತರು, ಪಕ್ಕದಲ್ಲಿ ಗೋಪಾಲಕೃಷ್ಣ. ವನಮಾಲಾಬಾಯಿ ಅನ್ನದ ಪಾತ್ರೆ ಇಟ್ಟುಕೊಂಡು ಎರಡು ಮೆಟ್ಟಿಲು ಮೇಲೆ. ಎಳ್ಳನ್ನು ಎಲ್ಲರಿಗೂ ಕಾಣುವಂತೆ ಬಾಳೆಲೆಯ ಮೇಲೆ ಸುರಿದಿಟ್ಟಿದ್ದರು.

ಸಂವತ್ಸರ ಬಂತು. ದಕ್ಷಿಣಾಯನ, ವರ್ಷಋತು, ಭಾದ್ರಪದ, ಕೃಷ್ಣಪಕ್ಷ ಎಲ್ಲ ಬಂದವು. ನದಿಯ ಹೆಸರಿಗೆ ಬಂದು ದನಿ ನಿಂತಿತು.

ಅಣ್ಣತಮ್ಮಂದಿರು ಕಾದರು. ಗೋಪಾಲಕೃಷ್ಣ ತಲೆ ತಗ್ಗಿಸಿದ. ವನಮಾಲಾಬಾಯಿಯ ಕೈ ಹಣೆಯ ಕಡೆಗೆ ಎದ್ದು, ಅರ್ಧದಲ್ಲಿ ನಿಂತು, ಮತ್ತೆ ಮಡಿಲಿಗೆ ಬಂತು.

ಆಚಾರ್ಯರು ನೀರನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಹಿಂದಿರುಗಿ, ನಾಲ್ಕು ಜನರ ಮುಂದೆ ಎಂದೂ ಕರೆಯದ ಹೆಸರು ಹಿಡಿದು ಕರೆದರು.

“ವನಮಾಲಾ, ಇಷ್ಟು ಅಗಲ ಹೊಳಿ ನಮ್ಮೂರಾಗ ಇರಲಿಲ್ಲಲ್ಲ?”

“ಇರಲಿಲ್ರಿ.”

“ಹಂಗಾರ ಇದು ಅದಲ್ಲ.” ಅವರು ಸಣ್ಣಗೆ ನಕ್ಕರು. “ಗೋಪಾಲಾ, ಹೊಳಿ ಹೆಸರು ನೀ ಹೇಳಿಬಿಡು. ಉಳಿದದ್ದು ನನಗ ಬರ್ತದ.”

ಗೋಪಾಲಕೃಷ್ಣ ಹೇಳಿದ, “ಭಾಗೀರಥ್ಯಾಃ ಪಶ್ಚಿಮೇ ತೀರೇ.” ಅಣ್ಣತಮ್ಮಂದಿರು ಹೇಳಿದರು. ಆಚಾರ್ಯರೂ ಅವರ ಜೊತೆಗೆ ಹೇಳಿದರು. ಅಲ್ಲಿಂದ ಮುಂದೆ ಉಳಿದದ್ದೆಲ್ಲ ನಿಜಕ್ಕೂ ಬಂತು. ತರ್ಪಣದಲ್ಲಿ ಗೋಪಾಲಕೃಷ್ಣ ಅವಸರದಲ್ಲಿ ನುಂಗಿದ ಒಂದು ಸಾಲನ್ನು ತಡೆದು ಮತ್ತೆ ಹೇಳಿಸಿದರು. ಇಬ್ಬಿಬ್ಬರು ಆಚಾರ್ಯರು ಕೂತು ಮಾಡಿಸಿದರೆಂದು ಸಿಂಧನೂರಿನವರಿಗೆ ಬಹಳ ಸಮಾಧಾನ.

ಅಂದಿನಿಂದ ಅದೇ ಪದ್ಧತಿಯಾಯಿತು. ಗೋಪಾಲಕೃಷ್ಣ ನದಿಯ ಹೆಸರು ಹೇಳುವನು, ಉಳಿದದ್ದು ಕಾಕಾನದು. ಎಲ್ಲಿಯವರೆಗೆ ಎಂದು ಯಾರೂ ಕೇಳಲಿಲ್ಲ. ಕೊತ್ತಂಬರಿ, ಮೆಣಸಿನಕಾಯಿ, ನಿಂಬೆಹಣ್ಣು ಬೇರೆಬೇರೆಯಾಗಿಯೇ ಬರುತ್ತಿದ್ದವು. ಭರಣಿ ನನ್ನ ಮಂಚದ ಕೆಳಗಿನಿಂದ ಗೋಪಾಲಕೃಷ್ಣನ ಮನೆಗೆ ಹೋಯಿತು. ಆದರೂ ಆಚಾರ್ಯರು ಭಾನುವಾರ ಹತ್ತಿ ಬಂದು ನನ್ನೊಂದಿಗೆ ಮಾತಾಡಿ ಹೋಗತೊಡಗಿದರು. ಅದಕ್ಕೆ ನಾನು ಸುಖಪಟ್ಟದ್ದು ಸ್ವಲ್ಪವಲ್ಲ.

ಸಿಂಧನೂರಿನವರ ಕರ್ಮ ಮುಗಿದ ದಿನ, ಘಾಟಿನಿಂದ ಬಂದ ಮೇಲೆ ವನಮಾಲಾಬಾಯಿ ಅಡುಗೆಮನೆಯಲ್ಲಿ ಎಲೆ ಒರೆಸುತ್ತಿದ್ದರು. ಆಚಾರ್ಯರು ಪಡಸಾಲೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಕೇಳಬಾರದ್ದನ್ನು ಕೇಳುವುದರಲ್ಲಿ ನನಗೆ ಮೊದಲಿಂದಲೂ ಒಳ್ಳೆಯ ಅಭ್ಯಾಸ.

“ಕಾಕೂ, ಇವತ್ತ ಹೊಳಿ ಮರತ್ರು. ನಾಳೆ ನಿಮ್ಮನ್ನಽ ಮರತ್ರ?”

ಅವರು ಇನ್ನೊಂದು ಎಲೆ ಎಳೆದುಕೊಂಡರು.

“ಮರೀಲಿ. ತಾಳಿ ಕಟ್ಟಿದ ದಿನಾ ಅವರಿಗೆ ನನ್ನ ಗುರ್ತು ಎಲ್ಲಿತ್ತೋ? ಆವತ್ತೂ ನಾನಽ ಹೋಗಿ ಊಟಕ್ಕ ಏಳ್ರಿ ಅಂದಿದ್ದೆ. ಎದ್ದು ಬಂದಿದ್ರು.”